ವೋಟರ್ ಲಿಸ್ಟಿನಲ್ಲಿ ನಿಮ್ಮ ಹೆಸರು ಉಳಿಸಿಕೊಳ್ಳುವುದು ಹೇಗೆ?

ಪ್ರತಿ ಚುನಾವಣೆಯಲ್ಲೂ ಈ ಜಗಳ ಇದ್ದದ್ದೇ. ಮತಗಟ್ಟೆಯ ಬಾಗಿಲಲ್ಲಿ ಯಾರೋ ಒಬ್ಬರು ವೋಟರ್ ಐಡಿ ಎತ್ತಿ ಹಿಡಿದು, "ಹೋದ ಸಲ ಇಲ್ಲೇ ಹಾಕಿದ್ದೀನಲ್ರೀ" ಅಂತ ವಾದ ಮಾಡುತ್ತಿರುತ್ತಾರೆ. ಒಳಗಿನ ಸಿಬ್ಬಂದಿ, "ಲಿಸ್ಟಲ್ಲಿ ಹೆಸರಿಲ್ಲ ಸರ್, ನಾವೇನೂ ಮಾಡೋಕಾಗಲ್ಲ" ಅನ್ನುತ್ತಾರೆ. ಬೇಜಾರಿನ ಸಂಗತಿ ಅಂದ್ರೆ, ಇಬ್ಬರು ಹೇಳುವುದೂ ನಿಜ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ, ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ವೋಟು. ಕೈಯಲ್ಲಿರುವ ಕಾರ್ಡ್ ನೀವು ಯಾರು ಅಂತ ಹೇಳುತ್ತದೆ, ಅಷ್ಟೇ. ಕಾರ್ಡ್ ಇಲ್ಲದಿದ್ದರೂ ಪಟ್ಟಿಯಲ್ಲಿ ಹೆಸರಿದ್ದರೆ ವೋಟು ಹಾಕಬಹುದು. ಕಾರ್ಡ್ ಇದ್ದು ಹೆಸರಿಲ್ಲದಿದ್ದರೆ ಜಿಲ್ಲಾಧಿಕಾರಿಯೇ ಬಂದರೂ ಆ ದಿನ ಏನೂ ಆಗುವುದಿಲ್ಲ. ಹಾಗಾಗಿ ಈ ಲೇಖನದ ಮುಕ್ಕಾಲು ಭಾಗ ಮತದಾನಕ್ಕೆ ಮುಂಚಿನ ತಿಂಗಳುಗಳ ಬಗ್ಗೆಯೇ ಇದೆ.

ಒಂದು ವೋಟಿಗೆ ಇಷ್ಟೆಲ್ಲ ಯಾಕೆ ಅನ್ನುವವರಿಗೆ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರ ನೆನಪಿಸಬೇಕು. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ. ಅದು ಹಳೇ ಕಥೆ ಅಂತೀರಾ? 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಗೆಲುವಿನ ಅಂತರ 16 ಮತ. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಮನಸ್ಸು ಮಾಡಿದ್ದರೆ ಸಾಕಿತ್ತು.

ಹೆಜ್ಜೆ 1: ಇವತ್ತೇ ಪಟ್ಟಿ ನೋಡಿ

ಚುನಾವಣಾ ಆಯೋಗದ ಮತದಾರರ ಸೇವಾ ಪೋರ್ಟಲ್‌ನಲ್ಲಿ (ವೋಟರ್ಸ್.ಇಸಿಐ.ಜಿಒವಿ.ಇನ್) ಹೆಸರು ಹುಡುಕುವ ಸೌಲಭ್ಯ ಇದೆ. ಹೆಸರು, ತಂದೆಯ ಹೆಸರು ಹಾಕಿ ಹುಡುಕಿದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಕೈಕೊಡುತ್ತದೆ. ಲಕ್ಷ್ಮಮ್ಮ ಅನ್ನುವ ಹೆಸರನ್ನು ಡೇಟಾ ಎಂಟ್ರಿ ಮಾಡಿದವರು ಹೇಗೆ ಬರೆದಿದ್ದಾರೋ ಯಾರಿಗೆ ಗೊತ್ತು. ಕಾರ್ಡಿನ ಮೇಲಿರುವ ಎಪಿಕ್ ನಂಬರ್, ಅಂದರೆ ಮೂರು ಅಕ್ಷರ ಮತ್ತು ಏಳು ಅಂಕಿಗಳ ಸಂಖ್ಯೆ ಹಾಕಿ ಹುಡುಕುವುದೇ ಸರಿಯಾದ ದಾರಿ. ಇಂಟರ್‌ನೆಟ್ ಇಲ್ಲದವರು 1950ಕ್ಕೆ ಕರೆ ಮಾಡಿ ಕೇಳಬಹುದು.

ಹೆಸರು ಸಿಕ್ಕಿತು ಅಂತ ಅಲ್ಲಿಗೇ ಮುಚ್ಚಬೇಡಿ. ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತಗಟ್ಟೆಯ ಹೆಸರು ಬರೆದಿಟ್ಟುಕೊಳ್ಳಿ. ಆಮೇಲೆ ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಿಂದ ನಿಮ್ಮ ಭಾಗದ ಪೂರ್ತಿ ಪಟ್ಟಿ ಇಳಿಸಿಕೊಂಡು, ಮನೆಯವರೆಲ್ಲರ ಹೆಸರನ್ನೂ ಒಮ್ಮೆ ನೋಡಿ. ಒಂದೇ ಮನೆಯ ನಾಲ್ಕು ಜನ ಎರಡು ಬೂತಿಗೆ ಹಂಚಿಹೋಗಿರುತ್ತಾರೆ. ಗಂಡಸರ ಹೆಸರಿನ ಮುಂದೆ "ಹೆಣ್ಣು" ಅಂತಿರುತ್ತದೆ. ಅಜ್ಜನ ವಯಸ್ಸು 24 ಆಗಿರುತ್ತದೆ. ನಗು ಬರುವ ಇಂಥ ತಪ್ಪುಗಳೇ ಆ ದಿನ ಮೇಜಿನ ಮುಂದೆ ತಕರಾರಿಗೆ ಕಾರಣ ಆಗುತ್ತವೆ.

ಇದನ್ನು ವರ್ಷಕ್ಕೆ ಎರಡು ಸಲವಾದರೂ ಮಾಡಿ. ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಕರಡು ಪಟ್ಟಿ, ಜನವರಿಯಲ್ಲಿ ಅಂತಿಮ ಪಟ್ಟಿ ಬರುತ್ತದೆ. ಕರಡು ಬಂದಾಗ ಒಮ್ಮೆ, ಅಂತಿಮ ಬಂದಾಗ ಒಮ್ಮೆ. ಚುನಾವಣೆ ಘೋಷಣೆ ಆದ ಮೇಲೆ ಎಚ್ಚರಗೊಂಡರೆ ಸಮಯ ತೀರಾ ಕಡಿಮೆ. ನಾಮಪತ್ರ ಸಲ್ಲಿಸುವ ಕೊನೇ ದಿನ ದಾಟಿದ ಮೇಲೆ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ ಅನ್ನುತ್ತದೆ ಕಾನೂನು. ಅರ್ಜಿಗೆ ಆಕ್ಷೇಪಣೆ ಬರಲು ಒಂದು ವಾರವಾದರೂ ಕಾಯಬೇಕು. ಹಾಗಾಗಿ ಆ ಕೊನೇ ದಿನಕ್ಕೂ ಹತ್ತು ದಿನ ಮುಂಚೆ ಕೊಟ್ಟ ಅರ್ಜಿಗಷ್ಟೇ ಭರವಸೆ ಇಟ್ಟುಕೊಳ್ಳಬಹುದು.

ಹೆಜ್ಜೆ 2: ಯಾವ ಫಾರ್ಮ್ ಯಾತಕ್ಕೆ?

ಇಲ್ಲಿ ಜನ ಸುಮ್ನೆ ಗೊಂದಲ ಮಾಡಿಕೊಳ್ಳುತ್ತಾರೆ. 2022ರ ಆಗಸ್ಟ್‌ನಿಂದ ಫಾರ್ಮ್‌ಗಳು ಸರಳ ಆಗಿವೆ. ಮೊದಲ ಸಲ ಹೆಸರು ಸೇರಿಸಲು ಫಾರ್ಮ್ 6. ವಿದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ ಫಾರ್ಮ್ 6ಎ. ಹೆಸರು ತೆಗೆಯಲು ಅಥವಾ ಬೇರೆಯವರ ಹೆಸರಿಗೆ ಆಕ್ಷೇಪಣೆ ಹೇಳಲು ಫಾರ್ಮ್ 7. ಮನೆ ಬದಲಾಗಿದ್ದರೆ, ಹೆಸರು, ಫೋಟೋ, ವಯಸ್ಸು ತಪ್ಪಿದ್ದರೆ, ಕಾರ್ಡ್ ಕಳೆದಿದ್ದರೆ, ಅಂಗವೈಕಲ್ಯ ನಮೂದಿಸಬೇಕಿದ್ದರೆ ಎಲ್ಲಕ್ಕೂ ಫಾರ್ಮ್ 8.

ಜನ ಮಾಡುವ ದೊಡ್ಡ ತಪ್ಪು: ಮನೆ ಬದಲಾಯಿಸಿದಾಗ ಹೊಸದಾಗಿ ಫಾರ್ಮ್ 6 ತುಂಬುವುದು. ಆಗ ಎರಡು ಕಡೆ ಹೆಸರು ಬರುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ (ಇದು 1951ರದ್ದಲ್ಲ, ಬೇರೆ ಕಾಯ್ದೆ) 17 ಮತ್ತು 18ನೇ ಸೆಕ್ಷನ್ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ, ಒಂದೇ ಸಲ ಇರಬೇಕು. ಬೇರೆಲ್ಲೂ ಹೆಸರಿಲ್ಲ ಅಂತ ಸುಳ್ಳು ಘೋಷಣೆ ಕೊಟ್ಟರೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಊರು ಬದಲಾದರೆ ಫಾರ್ಮ್ 8 ಕೊಡಿ. ಹಳೇ ಕಡೆಯಿಂದ ತೆಗೆದು ಹೊಸ ಕಡೆ ಸೇರಿಸುವುದು ಅವರ ಕೆಲಸ. ಎಪಿಕ್ ನಂಬರ್ ಹಳೇದೇ ಇರುತ್ತದೆ.

18 ತುಂಬುವವರು ಜನವರಿ 1ಕ್ಕಾಗಿ ಕಾಯಬೇಕಾಗಿಲ್ಲ. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ದಾಟಿದವರು ಮುಂಗಡವಾಗಿಯೇ ಅರ್ಜಿ ಕೊಟ್ಟಿಡಬಹುದು. ಪಿಯುಸಿ ಮುಗಿಸುವ ಮಕ್ಕಳಿರುವ ಮನೆಯವರು ಇದನ್ನು ಸಿಇಟಿ ಅರ್ಜಿಯ ಜೊತೆಗೇ ಮುಗಿಸಿಬಿಡಿ.

ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕುವುದಾದರೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಹತ್ತಿರ ಇರಲಿ. 2025ರ ಸೆಪ್ಟೆಂಬರ್ ನಂತರ ಆನ್‌ಲೈನ್ ಅರ್ಜಿಗೆ ಆ ನಂಬರಿಗೆ ಬರುವ ಒಟಿಪಿಯಿಂದ ಸಹಿ ಮಾಡುವ ಪದ್ಧತಿ ಬಂದಿದೆ. ಅದು ಯಾಕೆ ಬಂತು ಅನ್ನುವುದನ್ನು ಕೆಳಗೆ ಹೇಳುತ್ತೇನೆ. ಆನ್‌ಲೈನ್ ಆಗದಿದ್ದರೆ ಕಾಗದದ ಫಾರ್ಮ್ ತುಂಬಿ ನಿಮ್ಮ ಬೂತಿನ ಬಿಎಲ್‌ಒ (ಬೂತ್ ಮಟ್ಟದ ಅಧಿಕಾರಿ) ಕೈಗೆ ಕೊಡಿ. ಬಿಎಲ್‌ಒ ಅಂದರೆ ಸಾಮಾನ್ಯವಾಗಿ ನಿಮ್ಮ ಊರಿನ ಶಿಕ್ಷಕರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ಅವರ ಹೆಸರು, ಫೋನ್ ನಂಬರ್ ಪೋರ್ಟಲ್‌ನಲ್ಲೇ ಸಿಗುತ್ತದೆ. ಹೇಗೆ ಕೊಟ್ಟರೂ ಸ್ವೀಕೃತಿ ಅಥವಾ ರೆಫರೆನ್ಸ್ ನಂಬರ್ ಇಲ್ಲದೆ ಬರಬೇಡಿ. "ಕೊಟ್ಟಿದ್ದೆ" ಅನ್ನುವ ಮಾತಿಗೆ ಆಮೇಲೆ ಬೆಲೆ ಇಲ್ಲ.

ಹೆಜ್ಜೆ 3: ನೀವು ಈ ನಾಲ್ಕು ಗುಂಪಿನಲ್ಲಿದ್ದರೆ ಜಾಸ್ತಿ ಎಚ್ಚರ

ಬಾಡಿಗೆ ಮನೆಯವರು ಮೊದಲನೆಯವರು. ಬೆಂಗಳೂರಿನಲ್ಲಿ ಕೆಲಸ, ಹಾವೇರಿಯಲ್ಲೋ ರಾಯಚೂರಿನಲ್ಲೋ ವೋಟು. ಊರಲ್ಲೇ ಇರಲಿ ಅನ್ನುವ ಮಮತೆ ತಪ್ಪಲ್ಲ. ಆದರೆ ಕಾನೂನು ಕೇಳುವುದು "ಸಾಮಾನ್ಯವಾಗಿ ಎಲ್ಲಿ ವಾಸ" ಅಂತ. ಊರಲ್ಲಿ ಮನೆ, ಜಮೀನು ಇದೆ ಅನ್ನುವುದೊಂದೇ ಸಾಕಾಗುವುದಿಲ್ಲ. ಹಾಗೆಯೇ ಸ್ವಲ್ಪ ಕಾಲ ಊರು ಬಿಟ್ಟಿದ್ದೀರಿ ಅಂತ ಹಕ್ಕೂ ಹೋಗುವುದಿಲ್ಲ. ಹತ್ತು ವರ್ಷದಿಂದ ನಗರದಲ್ಲೇ ಸಂಸಾರ ಇದ್ದರೆ ಅಲ್ಲಿಗೇ ವರ್ಗಾಯಿಸಿಕೊಳ್ಳಿ ಅಂತ ನನ್ನ ಸಲಹೆ. ನಿಮ್ಮ ರಸ್ತೆಯ ಗುಂಡಿ, ನಿಮ್ಮ ಮಕ್ಕಳ ಶಾಲೆ, ನಿಮ್ಮ ನಲ್ಲಿಯ ನೀರು ಎಲ್ಲ ಇರುವುದು ಇಲ್ಲಿ ತಾನೆ? ಓನರ್ ಕಾಗದ ಕೊಡುವುದಿಲ್ಲ ಅನ್ನುವ ಸಮಸ್ಯೆಗೆ ದಾರಿ ಇದೆ. ನೋಂದಾಯಿತ ಬಾಡಿಗೆ ಕರಾರೊಂದೇ ದಾಖಲೆಯಲ್ಲ. ಈ ವಿಳಾಸ ಇರುವ ಆಧಾರ್, ಬ್ಯಾಂಕ್ ಪಾಸ್‌ಬುಕ್, ಗ್ಯಾಸ್ ಬಿಲ್, ಪಾಸ್‌ಪೋರ್ಟ್ ನಡೆಯುತ್ತದೆ. ಯಾವುದೂ ಇಲ್ಲದಿದ್ದರೆ ಬಿಎಲ್‌ಒ ಸ್ಥಳಕ್ಕೆ ಬಂದು ಪರಿಶೀಲಿಸಬೇಕು. ಸೂರಿಲ್ಲದವರಿಗೂ ಇದೇ ನಿಯಮ. ಅವರು ಮಲಗುವ ಜಾಗಕ್ಕೆ ಬಿಎಲ್‌ಒ ರಾತ್ರಿ ಹೋಗಿ ನೋಡಿ ಖಚಿತ ಮಾಡಿಕೊಳ್ಳಬೇಕು ಅಂತ ಆಯೋಗವೇ ಹೇಳಿದೆ.

ಮದುವೆಯಾದ ಹೆಣ್ಣುಮಕ್ಕಳು ಎರಡನೆಯವರು. ಇವರ ವಿಷಯದಲ್ಲಿ ಆಗುವ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ತವರಿನ ಬಿಎಲ್‌ಒ ಮನೆಗೆ ಬಂದು ಕೇಳುತ್ತಾರೆ. "ಮಗಳನ್ನ ಕೊಟ್ಟು ಎರಡು ವರ್ಷ ಆಯ್ತು" ಅಂತ ಅಪ್ಪ ಹೇಳುತ್ತಾರೆ. ಹೆಸರು ಹೋಯಿತು. ಗಂಡನ ಮನೆಯಲ್ಲಿ ಸೇರಿಸುವ ಗೋಜಿಗೆ ಯಾರೂ ಹೋಗಿರುವುದಿಲ್ಲ. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸಲು ಓಡಾಡಿದವರಿಗೆ ವೋಟರ್ ಲಿಸ್ಟ್ ನೆನಪಾಗುವುದಿಲ್ಲ. ಮದುವೆ ಆದ ವರ್ಷವೇ ಫಾರ್ಮ್ 8 ಹಾಕಿ. ಗಂಡನ ಹೆಸರು ಸೇರಿಸಿಕೊಂಡು ಸ್ವಂತ ಹೆಸರು ಬದಲಾಯಿಸಲೇಬೇಕು ಅಂತೇನೂ ಇಲ್ಲ.

ಇದಕ್ಕೆ ಹಳೇ ಇತಿಹಾಸವೂ ಇದೆ. 1951-52ರ ಮೊದಲ ಮಹಾಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರದ ಕೆಲವು ರಾಜ್ಯಗಳಲ್ಲಿ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ತಾಯಿ" ಅಂತ ಬರೆಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದಕ್ಕೆ ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸೇನ್ ಮಾಡಿದ್ದು ಕಟುವಾಗಿತ್ತು. ಆದರೆ ಮುಂದಿನ ಚುನಾವಣೆಗಳಲ್ಲಿ ಹೆಣ್ಣುಮಕ್ಕಳು ಅವರವರ ಹೆಸರಿನಲ್ಲೇ ಬಂದು ನಿಂತರು.

ಹಾಸ್ಟೆಲ್ ವಿದ್ಯಾರ್ಥಿಗಳು ಮೂರನೆಯವರು. ಊರಿನ ಮನೆ ಅಥವಾ ಹಾಸ್ಟೆಲ್, ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬಹುದು.

ನಾಲ್ಕನೆಯವರು ಗಲ್ಫ್, ಅಮೆರಿಕ, ಯುರೋಪಿನಲ್ಲಿರುವ ನಮ್ಮವರು. ಭಾರತದ ಪಾಸ್‌ಪೋರ್ಟ್ ಇದ್ದರೆ ಅದರಲ್ಲಿರುವ ಊರಿನ ವಿಳಾಸದಲ್ಲಿ ಫಾರ್ಮ್ 6ಎ ಮೂಲಕ ಹೆಸರು ಸೇರಿಸಬಹುದು. ಆದರೆ ವೋಟು ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಊರಿಗೇ ಬರಬೇಕು. ದುಬೈನಿಂದ ಮಂಗಳೂರಿಗೆ ವಿಮಾನದ ಟಿಕೆಟ್ ಎಷ್ಟು ಅಂತ ಗೊತ್ತಿದ್ದವರು ಈ ಹಕ್ಕಿನ ಬೆಲೆಯನ್ನೂ ಲೆಕ್ಕ ಹಾಕಬಹುದು. ಬೇರೆ ದೇಶದ ಪೌರತ್ವ ತೆಗೆದುಕೊಂಡವರಿಗೆ, ಒಸಿಐ ಕಾರ್ಡ್ ಇದ್ದರೂ, ಇಲ್ಲಿ ವೋಟಿಲ್ಲ.

ಹೆಜ್ಜೆ 4: ನಿಮ್ಮ ಹೆಸರನ್ನು ಯಾರೋ ತೆಗೆಸುತ್ತಿದ್ದಾರಾ?

ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನಡೆದದ್ದನ್ನು ಪ್ರತಿಯೊಬ್ಬ ಮತದಾರನೂ ತಿಳಿದಿರಬೇಕು. 2022ರ ಡಿಸೆಂಬರ್‌ನಲ್ಲಿ ಆ ಒಂದೇ ಕ್ಷೇತ್ರದಲ್ಲಿ ಹೆಸರು ತೆಗೆಯುವಂತೆ 6,018 ಫಾರ್ಮ್ 7 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದವು. ಬೂತ್ ಮಟ್ಟದ ಅಧಿಕಾರಿಯೊಬ್ಬರಿಗೆ ತಮ್ಮ ಸಂಬಂಧಿಯ ಹೆಸರೇ ಆ ಪಟ್ಟಿಯಲ್ಲಿ ಕಂಡಿತು ಅಂತ ಆಗ ವರದಿಯಾಗಿತ್ತು. ಅರ್ಜಿ ಯಾರ ಹೆಸರಲ್ಲಿ ಇತ್ತೋ ಅವರನ್ನು ಕೇಳಿದರೆ ಅವರಿಗೆ ಗೊತ್ತೇ ಇಲ್ಲ! ಅಧಿಕಾರಿಗಳು ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದ ಅರ್ಜಿ 24 ಮಾತ್ರ. ಉಳಿದ 5,994 ತಪ್ಪು ಅಂತ ಮುಖ್ಯ ಚುನಾವಣಾಧಿಕಾರಿಗಳ ಕಚೇರಿಯೇ ಹೇಳಿತು. ಆ ಹೆಸರುಗಳನ್ನು ತೆಗೆಯಲಿಲ್ಲ. 2023ರ ಫೆಬ್ರವರಿಯಲ್ಲಿ ಪೊಲೀಸರಿಗೆ ದೂರು ಹೋಯಿತು. ಮೇಲೆ ಹೇಳಿದ ಒಟಿಪಿ ಪದ್ಧತಿ ಬಂದದ್ದು ಈ ಪ್ರಕರಣ ಮತ್ತೆ ದೊಡ್ಡ ಸುದ್ದಿಯಾದ ದಿನಗಳಲ್ಲಿ.

ಇಲ್ಲಿ ಕಾಪಾಡಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ಊರಿನ ಜನರನ್ನು ಮುಖ ನೋಡಿ ಗುರುತಿಸುವ ಬಿಎಲ್‌ಒ. ನಗರದಲ್ಲಿ ಆ ಪರಿಚಯ ಇರುವುದಿಲ್ಲ. ಅಲ್ಲಿ ನೀವೇ ಕಣ್ಣಿಡಬೇಕು.

ಹೇಗೆ ಅಂದರೆ: ಹೆಸರು ಸೇರಿಸಲು, ತೆಗೆಯಲು, ತಿದ್ದಲು ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಾಧಿಕಾರಿ ಸಾರ್ವಜನಿಕವಾಗಿ ಹಾಕಬೇಕು. ಸೇರಿಸುವ ಅರ್ಜಿಗಳ ಪಟ್ಟಿ ಫಾರ್ಮ್ 9, ಆಕ್ಷೇಪಣೆಗಳದ್ದು ಫಾರ್ಮ್ 10. ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಮತ್ತು ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೇಳಿ ನೋಡಬಹುದು. ಮಾನ್ಯತೆ ಪಡೆದ ಪಕ್ಷಗಳಿಗೂ ಈ ಪಟ್ಟಿ ಹೋಗುತ್ತದೆ. ನಿಮ್ಮ ಬೀದಿಯಲ್ಲಿ ಯಾವುದೇ ಪಕ್ಷದ ಬೂತ್ ಏಜೆಂಟ್ ಪರಿಚಯ ಇದ್ದರೆ ವಾರಕ್ಕೊಮ್ಮೆ ಕೇಳಿ. ನಿಮಗೆ ಆ ಪಕ್ಷ ಇಷ್ಟ ಇಲ್ಲದಿದ್ದರೂ ಪರವಾಗಿಲ್ಲ.

ನಿಮ್ಮ ಮೇಲೆ ಫಾರ್ಮ್ 7 ಬಂದಿದ್ದರೆ ಹೆದರಬೇಡಿ. ಹಾಗೆ ಅರ್ಜಿ ಹಾಕುವವರು ಅದೇ ಕ್ಷೇತ್ರದ ಮತದಾರರಾಗಿರಬೇಕು, ತಮ್ಮ ಎಪಿಕ್ ನಂಬರ್ ಕೊಡಬೇಕು. ನೀವು ಇಲ್ಲಿ ವಾಸ ಇಲ್ಲ, ಮತದಾರರಾಗಲು ಅರ್ಹರಲ್ಲ ಅನ್ನುವ ಕಾರಣಕ್ಕೆ ಹೆಸರು ತೆಗೆಯುವ ಮುಂಚೆ ನಿಮ್ಮ ಮಾತು ಕೇಳಲೇಬೇಕು. ಇದು 1950ರ ಕಾಯ್ದೆಯ 22ನೇ ಸೆಕ್ಷನ್‌ನಲ್ಲೇ ಇದೆ. 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಮುಖ್ಯ ಮಾತು ಹೇಳಿದೆ. ಈಗಾಗಲೇ ಪಟ್ಟಿಯಲ್ಲಿ ಇರುವವರ ವಿಷಯದಲ್ಲಿ, ವಿಚಾರಣೆ ಮಾಡಿಯೇ ಸೇರಿಸಿದ್ದಾರೆ ಅಂತ ಭಾವಿಸಬೇಕು. ತೆಗೆಯಬೇಕಿದ್ದರೆ ಯಾವ ಆಧಾರದ ಮೇಲೆ ಅಂತ ಅವರಿಗೆ ತಿಳಿಸಬೇಕು.

ನೋಟಿಸ್ ಬಂದರೆ ಆ ದಿನ ತಪ್ಪದೆ ಹೋಗಿ. ದಾಖಲೆಗಳ ಜೊತೆ ಅಕ್ಕಪಕ್ಕದ ಮನೆಯವರೊಬ್ಬರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೇದು. ಆದೇಶ ನಿಮ್ಮ ವಿರುದ್ಧ ಬಂದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ. ಇದಕ್ಕೆ ವಕೀಲರೇ ಬೇಕು ಅಂತಿಲ್ಲ. ಏನಾಯಿತು, ಯಾಕೆ ತಪ್ಪು, ಯಾವ ದಾಖಲೆ ಇದೆ ಅಂತ ಒಂದು ಪುಟ ಬರೆದು, ಆದೇಶದ ಪ್ರತಿ ಲಗತ್ತಿಸಿದರೆ ಸಾಕು. ಅದಕ್ಕೇ ಆದೇಶವನ್ನು ಯಾವಾಗಲೂ ಬರವಣಿಗೆಯಲ್ಲಿ ಕೇಳಿ. "ಕಂಪ್ಯೂಟರಲ್ಲಿ ಹೋಗ್ಬಿಟ್ಟಿದೆ" ಅನ್ನುವ ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲು ಬರುವುದಿಲ್ಲ.

ಮನೆ ಬಾಗಿಲಿಗೆ "ವೋಟರ್ ಸರ್ವೆ" ಅಂತ ಬರುವವರ ಬಗ್ಗೆಯೂ ಒಂದು ಮಾತು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಯೊಂದರ ಜನ ಬಿಎಲ್‌ಒ ಗುರುತಿನ ಚೀಟಿ ಹಾಕಿಕೊಂಡು ಮತದಾರರ ಮಾಹಿತಿ ಸಂಗ್ರಹಿಸಿದರು ಅನ್ನುವ ಆರೋಪ ಬಂತು. ಚುನಾವಣಾ ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಲು ಹೇಳಿತು. ಬಂದವರ ಹೆಸರು ಕೇಳಿ, ಪೋರ್ಟಲ್‌ನಲ್ಲಿರುವ ನಿಮ್ಮ ಬಿಎಲ್‌ಒ ಹೆಸರಿನ ಜೊತೆ ಹೋಲಿಸಿ. ಜಾತಿ, ಯಾವ ಪಕ್ಷ ಅಂತ ಕೇಳಿದರೆ ಅದು ಬಿಎಲ್‌ಒ ಕೆಲಸ ಅಲ್ಲ. ಒಟಿಪಿಯನ್ನಂತೂ ಯಾರಿಗೂ ಹೇಳಬೇಡಿ.

ಹೆಜ್ಜೆ 5: ಎಸ್‌ಐಆರ್ ಬಂದಾಗ

ವಿಶೇಷ ತೀವ್ರ ಪರಿಷ್ಕರಣೆ, ಜನರ ಬಾಯಲ್ಲಿ ಎಸ್‌ಐಆರ್, ಮಾಮೂಲಿ ವರ್ಷದ ಪರಿಷ್ಕರಣೆಗಿಂತ ಬೇರೆ. ಇದರಲ್ಲಿ ಹಳೇ ಪಟ್ಟಿಯಲ್ಲಿ ಇದ್ದವರೂ ಮತ್ತೆ ಎಣಿಕೆ ಫಾರ್ಮ್ ತುಂಬಿಕೊಡಬೇಕು. ಕೊಡದಿದ್ದರೆ ಕರಡಿನಲ್ಲಿ ಹೆಸರು ಬರುವುದಿಲ್ಲ. 2025ರಲ್ಲಿ ಬಿಹಾರದಲ್ಲಿ ಹೀಗೆ ಮಾಡಿದಾಗ ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಆ ಹೆಸರುಗಳನ್ನು ಕಾರಣದ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಎರಡನೇ ಹಂತದಲ್ಲಿ ಕೇರಳ ಇದ್ದದ್ದರಿಂದ ಕಾಸರಗೋಡಿನ ಕನ್ನಡಿಗರಿಗೆ ಇದರ ಬಿಸಿ ಮೊದಲೇ ತಟ್ಟಿದೆ.

ಕರ್ನಾಟಕದಲ್ಲಿ ಇದಕ್ಕೆ ಮುಂಚಿನ ತೀವ್ರ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆ ಪಟ್ಟಿ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿದೆ. ಅದರಲ್ಲಿ ನಿಮ್ಮ ಹೆಸರು, ನೀವು ಆಗ ಚಿಕ್ಕವರಾಗಿದ್ದರೆ ಅಪ್ಪ-ಅಮ್ಮನ ಹೆಸರು ಇರುವ ಪುಟ ಹುಡುಕಿ ಪ್ರಿಂಟ್ ತೆಗೆದಿಡಿ. 2008ರ ಕ್ಷೇತ್ರ ಮರುವಿಂಗಡಣೆಗೆ ಮುಂಚಿನ ಪಟ್ಟಿ ಅದು. ಹಾಗಾಗಿ ಹಳೇ ಕ್ಷೇತ್ರದ ಹೆಸರಲ್ಲೇ ಹುಡುಕಬೇಕು. ಅಜ್ಜಿ ತಾತನ ಹತ್ತಿರ "ಆಗ ನೀವು ಯಾವ ಶಾಲೆಯಲ್ಲಿ ವೋಟು ಹಾಕ್ತಿದ್ರಿ" ಅಂತ ಕೇಳಿದರೆ ಕೆಲಸ ಬೇಗ ಆಗುತ್ತದೆ. ಬಿಎಲ್‌ಒ ಕೊಡುವ ಫಾರ್ಮ್ ಎರಡು ಪ್ರತಿ ಇರುತ್ತದೆ. ಒಂದರ ಮೇಲೆ ಅವರ ಸಹಿ ಹಾಕಿಸಿ ನೀವು ಇಟ್ಟುಕೊಳ್ಳಿ.

ಹೆಜ್ಜೆ 6: ಮತದಾನದ ದಿನ

ರಜೆ ನಿಮ್ಮ ಹಕ್ಕು. 1951ರ ಕಾಯ್ದೆಯ 135ಬಿ ಸೆಕ್ಷನ್ ಪ್ರಕಾರ ಕಾರ್ಖಾನೆ, ಅಂಗಡಿ, ಕಂಪನಿ ಎಲ್ಲರೂ ಸಂಬಳ ಸಹಿತ ರಜೆ ಕೊಡಬೇಕು. ದಿನಗೂಲಿಯವರಿಗೂ ಅನ್ವಯಿಸುತ್ತದೆ. ಕೊಡದ ಮಾಲೀಕರಿಗೆ ದಂಡ 500 ರೂಪಾಯಿಯವರೆಗೆ ಮಾತ್ರ. ಅಷ್ಟು ಸಣ್ಣ ದಂಡಕ್ಕೆ ಯಾರು ಹೆದರುತ್ತಾರೆ ಅನ್ನುವುದು ಬೇರೆ ಮಾತು.

85 ದಾಟಿದವರು ಮತ್ತು ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ಮನೆಯಿಂದಲೇ ವೋಟು ಹಾಕಬಹುದು. ಅದಕ್ಕೆ ಅಧಿಸೂಚನೆ ಬಂದ ಐದು ದಿನದೊಳಗೆ ಫಾರ್ಮ್ 12ಡಿ ಕೊಟ್ಟಿರಬೇಕು. ಕೊಟ್ಟ ಮೇಲೆ ಮತಗಟ್ಟೆಗೆ ಹೋಗಿ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಕಣ್ಣು ಕಾಣದವರು, ಗುಂಡಿ ಒತ್ತಲು ಆಗದವರು 18 ತುಂಬಿದ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆ ಒಬ್ಬರು ಇನ್ನೊಬ್ಬರಿಗೆ ಅದೇ ದಿನ ಜೊತೆಗಾರರಾಗುವಂತಿಲ್ಲ.

ಎಪಿಕ್ ಕಾರ್ಡ್ ಇಲ್ಲವೇ? ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ಪತ್ರ, ಅಂಗವಿಕಲರಿಗೆ ಕೊಡುವ ಯುಡಿಐಡಿ ಕಾರ್ಡ್, ಇವುಗಳಲ್ಲಿ ಯಾವುದಾದರೂ ಸಾಕು. ಮೂಲ ಕಾರ್ಡನ್ನೇ ಒಯ್ಯಿರಿ. ಮತಗಟ್ಟೆಯೊಳಗೆ ಮೊಬೈಲ್ ಬಿಡುವುದಿಲ್ಲ. ಮನೆಗೆ ಬರುವ ಮತದಾರರ ಚೀಟಿ 2019ರಿಂದ ಗುರುತಿನ ದಾಖಲೆ ಅಲ್ಲ. ಕ್ರಮ ಸಂಖ್ಯೆ ನೋಡಲು ಮಾತ್ರ.

ಒಳಗೆ ತಕರಾರು ಆದರೆ ನೆನಪಿಡಬೇಕಾದ ಸಂಗತಿಗಳಿವು.

ನಿಮ್ಮ ಹೆಸರಿನಲ್ಲಿ ಯಾರೋ ಆಗಲೇ ವೋಟು ಹಾಕಿ ಹೋಗಿದ್ದರೆ ವಾಪಸ್ ಬರಬೇಡಿ. "ಟೆಂಡರ್ಡ್ ವೋಟು ಕೊಡಿ" ಅಂತ ಮತಗಟ್ಟೆಯ ಅಧ್ಯಕ್ಷಾಧಿಕಾರಿಯನ್ನು ಕೇಳಿ. ಗುರುತು ಸಾಬೀತಾದರೆ ಕಾಗದದ ಮತಪತ್ರ ಕೊಡುತ್ತಾರೆ. ಅದು ಬೇರೆ ಲಕೋಟೆಯಲ್ಲಿ ಹೋಗುತ್ತದೆ. ಎಣಿಕೆಯ ದಿನ ಅದನ್ನು ಎಣಿಸುವುದಿಲ್ಲ, ನಿಜ. ಆದರೆ ಫಲಿತಾಂಶ ಹೈಕೋರ್ಟಿಗೆ ಹೋದರೆ ಆ ಲಕೋಟೆ ಸಾಕ್ಷಿಯಾಗುತ್ತದೆ. ಅಂತರ ಒಂದೇ ಮತ ಆಗಿದ್ದರೆ ಅದರ ತೂಕ ಎಷ್ಟು ಅಂತ ಬೇರೆ ಹೇಳಬೇಕಾಗಿಲ್ಲ.

"ನೀವು ಅವರಲ್ಲ" ಅಂತ ಮತಗಟ್ಟೆಯಲ್ಲಿ ಕೂತ ಪಕ್ಷದ ಏಜೆಂಟ್ ತಕರಾರು ತೆಗೆದರೆ, ಅವರು 2 ರೂಪಾಯಿ ಠೇವಣಿ ಇಟ್ಟು ಸವಾಲು ಹಾಕಬೇಕು. ಸುಮ್ನೆ ಕೂಗಾಡಿದರೆ ಆಗುವುದಿಲ್ಲ. ಅಧಿಕಾರಿ ಅಲ್ಲೇ ವಿಚಾರಿಸಿ ತೀರ್ಮಾನಿಸುತ್ತಾರೆ. ಇನ್ನು ಗೈರು, ಸ್ಥಳಾಂತರ, ಮೃತ ಅಂತ ಗುರುತು ಮಾಡಿದ ಪಟ್ಟಿ ಅಧಿಕಾರಿಯ ಹತ್ತಿರ ಇರುತ್ತದೆ. ಅದರಲ್ಲಿ ನಿಮ್ಮ ಹೆಸರಿದ್ದರೂ ವೋಟು ಹೋಗಿಲ್ಲ. ಗುರುತಿನ ಚೀಟಿ ತೋರಿಸಿ, ಘೋಷಣೆ ಬರೆದುಕೊಟ್ಟು ಹಾಕಬಹುದು. "ನಾನು ಸತ್ತಿಲ್ಲ" ಅಂತ ನಿಂತು ಹೇಳಬೇಕಾಗುವುದು ವಿಚಿತ್ರವೇ. ಆದರೂ ಹೇಳಿ.

ಬಟನ್ ಒತ್ತಿದ ಮೇಲೆ ವಿವಿಪ್ಯಾಟ್ (ಯಾರಿಗೆ ವೋಟು ಬಿತ್ತು ಅಂತ ಚೀಟಿ ತೋರಿಸುವ ಯಂತ್ರ) ಗಾಜಿನಲ್ಲಿ ಚೀಟಿ 7 ಸೆಕೆಂಡ್ ಕಾಣುತ್ತದೆ. ಅದನ್ನು ನೋಡಿಯೇ ಹೊರಗೆ ಬನ್ನಿ. ಬೇರೆ ಚಿಹ್ನೆ ಬಂತು ಅನ್ನುವುದು ನಿಮಗೆ ಖಚಿತವಾದರೆ ಬರೆದು ದೂರು ಕೊಡಬಹುದು, ಪರೀಕ್ಷಾ ಮತ ಹಾಕಿಸುತ್ತಾರೆ. ದೂರು ಸುಳ್ಳಾದರೆ ಶಿಕ್ಷೆ ಇದೆ ಅನ್ನುವುದು ಗೊತ್ತಿರಲಿ. ಸಂಜೆ ಮುಗಿಯುವ ಹೊತ್ತಿಗೆ ಸಾಲಿನಲ್ಲಿದ್ದವರೆಲ್ಲರಿಗೂ ಚೀಟಿ ಕೊಟ್ಟು ವೋಟು ಹಾಕಿಸಲೇಬೇಕು. "ಟೈಮ್ ಆಯ್ತು, ಹೋಗಿ" ಅನ್ನುವಂತಿಲ್ಲ.

ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರಿನದೇ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1962ರಿಂದ ಇದನ್ನು ತಯಾರಿಸುತ್ತಿದೆ. ಒಬ್ಬರು ಎರಡು ಸಲ ಹಾಕದಂತೆ ತಡೆಯುವ ಅತಿ ಅಗ್ಗದ ಉಪಾಯ ಇನ್ನೂ ಅದೇ.

ದುಡ್ಡು, ಸೀರೆ, ಕುಕ್ಕರ್ ಹಂಚುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಅಥವಾ ವಿಡಿಯೋ ತೆಗೆದು ಕಳಿಸಿ. ಹೆಸರು ಹೇಳದೆಯೂ ಕಳಿಸಬಹುದು. 100 ನಿಮಿಷದೊಳಗೆ ಕ್ರಮ ಆಗಬೇಕು ಅನ್ನುವುದು ಅದರ ಗುರಿ. ಕೊಡುವವರಂತೆ ತೆಗೆದುಕೊಳ್ಳುವವರೂ ಕಾನೂನಿನ ಮುಂದೆ ತಪ್ಪಿತಸ್ಥರೇ.

ಹೆಜ್ಜೆ 7: ಬೇರೆ ಚುನಾವಣೆ, ಬೇರೆ ಪಟ್ಟಿ

ಗ್ರಾಮ ಪಂಚಾಯಿತಿ, ನಗರಸಭೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದು ವಿಧಾನಸಭೆಯ ಪಟ್ಟಿಯನ್ನೇ ವಾರ್ಡ್‌ವಾರು ಒಡೆದು ಮಾಡುತ್ತದೆ. ಒಡೆಯುವಾಗ ಮನೆಗಳು ಪಕ್ಕದ ವಾರ್ಡಿಗೆ ಹಾರುವುದುಂಟು. ಪಂಚಾಯಿತಿಯಲ್ಲಿ ಗೆಲುವು ಹತ್ತಿಪ್ಪತ್ತು ಮತದಲ್ಲಿ ತೀರ್ಮಾನ ಆಗುವುದರಿಂದ ಆ ಕರಡನ್ನು ನೋಟಿಸ್ ಬೋರ್ಡಿನಲ್ಲಿ ಹೋಗಿ ನೋಡಿ.

ಓದಿದವರೇ ಮರೆಯುವುದು ವಿಧಾನ ಪರಿಷತ್ತನ್ನು. 75 ಸದಸ್ಯರ ಪರಿಷತ್ತಿನಲ್ಲಿ 7 ಸ್ಥಾನ ಪದವೀಧರರದು, 7 ಶಿಕ್ಷಕರದು. ಇವುಗಳ ಪಟ್ಟಿಯನ್ನು ಪ್ರತಿ ಸಲವೂ ಹೊಸದಾಗಿಯೇ ಮಾಡುತ್ತಾರೆ. ಹೋದ ಸಲ ಹೆಸರಿತ್ತು ಅಂತ ಈ ಸಲ ತಾನಾಗಿ ಬರುವುದಿಲ್ಲ. ಪದವೀಧರರು ಫಾರ್ಮ್ 18, ಶಿಕ್ಷಕರು ಫಾರ್ಮ್ 19 ಕೊಡಬೇಕು. ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಲೆಕ್ಕಕ್ಕೆ ಹಿಡಿಯುವ ದಿನಾಂಕ ನವೆಂಬರ್ 1. ಡಿಗ್ರಿ ಸರ್ಟಿಫಿಕೇಟ್ ಅಥವಾ ಅಂಕಪಟ್ಟಿಯ ದೃಢೀಕೃತ ಪ್ರತಿ ಜೊತೆಗಿರಲಿ, ಮೂಲವನ್ನೂ ತೋರಿಸಲು ಒಯ್ಯಿರಿ.